ಲಾಯರಮ್ಮ ಒಪ್ಪಿದ ಮನೆ

"ಏನು, ಇನ್ನೂ ವಿಶೇಷ ಇಲ್ವಾ?"

ಹನ್ನೊಂದು ವರ್ಷದಿಂದ ಈ ಪ್ರಶ್ನೆ ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಬಸ್ಸಿನಲ್ಲಿ ಪಕ್ಕ ಕೂತವರು ಕೇಳುತ್ತಿದ್ದರು, ನಲ್ಲಿಯ ಹತ್ತಿರ ಸಾಲಿನಲ್ಲಿ ನಿಂತವರು ಕೇಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಕ್ಕು ತಲೆ ತಗ್ಗಿಸುತ್ತಿದ್ದಳು. ಆಮೇಲಾಮೇಲೆ "ನೋಡೋಣ" ಅನ್ನುತ್ತಿದ್ದಳು. ಈಗೀಗ ಯಾರಾದರೂ ಬಾಯಿ ತೆರೆಯುವ ಮೊದಲೇ ಮಾತು ಬದಲಿಸುವುದನ್ನು ಕಲಿತಿದ್ದಳು.

ಅವಳಿಗೆ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಒಗೆದು ಒಣಗಿ ಬಂದ ಚಾದರಗಳನ್ನು ಮಡಿಚಿ, ಯಾವ ವಾರ್ಡಿನದು ಆ ವಾರ್ಡಿಗೆ ಜೋಡಿಸಿಡಬೇಕು. ಮಕ್ಕಳ ವಾರ್ಡಿನ ಚಾದರಗಳು ದೊಡ್ಡವರದಕ್ಕಿಂತ ಅರ್ಧ. ಎರಡು ಮಡಿಕೆ ಸಾಕು. ಅವಳು ಮಾತ್ರ ಅವನ್ನು ಅಂಗೈಯಲ್ಲಿ ಒತ್ತಿ ಒತ್ತಿ, ಒಂದು ಸುಕ್ಕೂ ಉಳಿಯದ ಹಾಗೆ ಮಡಿಚುತ್ತಿದ್ದಳು. ಜೊತೆಯವರು ನೋಡಿಯೂ ನೋಡದವರಂತೆ ಇರುತ್ತಿದ್ದರು.

ಗಂಡ ತಗಡಿನ ಟ್ರಂಕು ಮಾಡುವವನು. ಎಲ್ಲರೂ ಅವನನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಮನೆಯ ಮುಂಭಾಗವೇ ಅವನ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಸುತ್ತಿಗೆಯಲ್ಲಿ ತಗಡು ಬಡಿದು ಬಡಿದು ಕಿವಿ ಮಂದವಾಗಿತ್ತು. ತನಗೆ ಕೇಳಿಸದ ಮೇಲೆ ಲೋಕಕ್ಕೂ ಕೇಳಿಸದು ಅಂದುಕೊಂಡವನ ಹಾಗೆ ಕಿರುಚಿ ಮಾತಾಡುತ್ತಿದ್ದ. ಅವನು ಗುಟ್ಟು ಹೇಳಿದರೆ ಬೀದಿಯ ಕೊನೇ ಮನೆಯವರೂ "ಹೂಂ" ಅನ್ನಬಹುದಿತ್ತು. ಗಂಟಲು ಕಹಳೆ, ಮನಸ್ಸು ಬೆಣ್ಣೆ.

ಮಾತ್ರೆ, ಪರೀಕ್ಷೆ ಎಲ್ಲ ಆಯಿತು. ಕೊನೆಗೆ ಡಾಕ್ಟರಮ್ಮ ಅವಳ ಕೈ ಹಿಡಿದು, "ಇನ್ನು ದೇಹಕ್ಕೆ ಹಿಂಸೆ ಕೊಡಬೇಡಿ" ಎಂದರು. ಆ ದಿನ ಗಂಡ ಹೆಂಡತಿ ಬಸ್ಸು ಹತ್ತದೆ ನಡೆದೇ ಮನೆಗೆ ಬಂದರು.

ಒಂದು ಶನಿವಾರ ಮಧ್ಯಾಹ್ನ ಮೇಸ್ತ್ರಿಯ ಅಕ್ಕ ಬಂದಳು. ತಮ್ಮನ ಮೇಲೆ ಜೀವ ಇಟ್ಟವಳು, ಆದರೆ ಆತುರದ ಹೆಂಗಸು. ಬಂದವಳೇ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿದಳು.

"ನಮ್ಮ ಕಡೆ ಒಬ್ಬ ಇದಾನೆ. ಮಗು ಬೇಕು ಅಂದೋರಿಗೆ ತಂದುಕೊಡ್ತಾನಂತೆ. ಹತ್ತು ದಿನದ ಕೂಸು. ಕಾಗದ ಗೀಗದ ಏನೂ ಬೇಡ. ಇವಳೇ ಹೆತ್ತಳು ಅಂತ ಚೀಟಿ ಬರೆಸಿಬಿಡ್ತಾನೆ."

"ಹತ್ತು ದಿನದ ಕೂಸಾ? ಕಾಗದ ಇಲ್ದೇನಾ?" ಎಂದು ಮೇಸ್ತ್ರಿ ಕೂಗಿದ.

"ಮೆಲ್ಲಗೆ ಮಾತಾಡೋ ಮಾರಾಯ! ಊರಿಗೆಲ್ಲಾ ಡಂಗುರ ಸಾರಬೇಡ."

ಡಂಗುರ ಆಗಲೇ ಆಗಿತ್ತು. ಟಪಾಲು ಹಂಚುತ್ತಾ ಆ ಬೀದಿಗೆ ಬಂದಿದ್ದ ಪೋಸ್ಟಮ್ಮ ಬಾಗಿಲು ತಟ್ಟಿ ಒಳಗೆ ಬಂದರು. ಇಪ್ಪತ್ತು ವರ್ಷದಿಂದ ಆ ಬೀದಿಯ ಕಾಗದ ಹಂಚುವವರು, ಮನೆಯವರಂತೆಯೇ. ಚೀಲ ಕೆಳಗಿಟ್ಟು, ಒಂದು ಲೋಟ ನೀರು ಕುಡಿದು, "ಕದ್ದು ಕೇಳಲಿಲ್ಲ. ಕಿವಿಗೇ ಬಂದು ಬಿತ್ತು. ಒಂದು ಮಾತು ಹೇಳಲಾ?" ಎಂದರು.

ಹೆಂಡತಿ ಅವರಿಗೆ ಕೂರಲು ಮಣೆ ಕೊಟ್ಟಳು.

"ನನ್ನ ಮಗಳು ಗೊತ್ತಲ್ಲ? ಕಾಲೇಜಿಗೆ ಹೋಗೋಳು? ಅವಳನ್ನ ನಾನು ಹೆತ್ತಿಲ್ಲ. ಮಕ್ಕಳ ಕಲ್ಯಾಣ ಇಲಾಖೆಗೆ ಅರ್ಜಿ ಹಾಕಿ ದತ್ತು ತಗೊಂಡಿದ್ದು."

ಅಕ್ಕ ಬಾಯಿ ಬಿಟ್ಟುಕೊಂಡು ಕೂತಳು. "ಮೂಗೆಲ್ಲ ನಿಮ್ಮ ಥರಾನೇ ಇದೆಯಲ್ರೀ!"

"ಎಲ್ಲರೂ ಹಾಗೇ ಅಂತಾರೆ. ಅವಳಿಗೂ ಎಲ್ಲಾ ಗೊತ್ತು. ಚಿಕ್ಕವಳಿದ್ದಾಗಿಂದ ಹೇಳಿದೀವಿ." ಪೋಸ್ಟಮ್ಮ ಮೇಸ್ತ್ರಿಯ ಹೆಂಡತಿಯ ಕಡೆ ತಿರುಗಿದರು. "ಆ ಹತ್ತು ದಿನದ ಕೂಸು ಯಾರದು? ತಾಯಿ ಮನಸಾರೆ ಕೊಟ್ಟಿದ್ದೋ, ಹೆದರಿಸಿ ಕಿತ್ಕೊಂಡಿದ್ದೋ, ಕದ್ದಿದ್ದೋ, ಏನು ಗೊತ್ತು? ನಾಳೆ ಅವಳು ಬಂದು ಬಾಗಿಲು ತಟ್ಟಿದ್ರೆ ಏನ್ಮಾಡ್ತೀಯ? ಪೊಲೀಸರು ಬಂದು ಮಗೂನ ಎತ್ಕೊಂಡು ಹೋದ್ರೆ? ಅದೆಲ್ಲಾ ಬಿಡು. ಆ ಮಗು ಬೆಳೆದು, ಅಮ್ಮಾ ನಾನು ಎಲ್ಲಿಂದ ಬಂದೆ ಅಂತ ಕೇಳಿದ್ರೆ, ತೋರಿಸೋಕೆ ಒಂದು ನಿಜವಾದ ಕಾಗದಾನೂ ನಿನ್ನ ಹತ್ರ ಇರಲ್ಲ."

"ಇಲಾಖೆ ಅಂದ್ರೆ ಅಲೆದಾಟ ಕಣ್ರೀ," ಎಂದಳು ಅಕ್ಕ. "ಚಪ್ಪಲಿ ಸವೆಯುತ್ತೆ ಅಷ್ಟೆ. ಬಂಗಲೆ ಇರೋರಿಗೆ ಕೊಡ್ತಾರೆ, ಟ್ರಂಕು ಬಡಿಯೋರಿಗೆ ಕೊಡ್ತಾರಾ?"

"ಕಾಗದ ಹಂಚೋಳಿಗೆ ಕೊಟ್ರಲ್ಲ!"

ಹೆಂಡತಿ ಒಂದೇ ಪ್ರಶ್ನೆ ಕೇಳಿದಳು. "ಆ ಕಚೇರಿ ಯಾವ ಕಡೆ?"

ಸೋಮವಾರ ಇಬ್ಬರೂ ಹೋದರು. ಎರಡನೇ ಮಹಡಿ, ಉದ್ದನೆಯ ಬೆಂಚು, ಗೋಡೆಯ ಮೇಲೆ ಮಕ್ಕಳು ಬರೆದ ಚಿತ್ರಗಳು. ಕೌಂಟರಿನಲ್ಲಿದ್ದವರು ಯಾವ ಯಾವ ದಾಖಲೆ ಬೇಕು ಎಂದು ಹೇಳಿ, ಅರ್ಜಿ ತುಂಬುವುದು ಹೇಗೆಂದು ನಿಧಾನವಾಗಿ ವಿವರಿಸಿದರು. "ಯಾವ ವಯಸ್ಸಿನ ಮಗು ಬೇಕು?" ಎಂಬ ಸಾಲಿಗೆ ಬಂದಾಗ ಇಬ್ಬರೂ ಮುಖ ಮುಖ ನೋಡಿಕೊಂಡರು.

"ಎಲ್ಲರೂ ಕೂಸೇ ಬೇಕು ಅಂತಾರೆ, ಅದಕ್ಕೆ ಬಹಳ ಕಾಯಬೇಕು," ಎಂದರು ಕೌಂಟರಿನವರು. "ಐದಾರು ವರ್ಷ ದಾಟಿದ ಮಕ್ಕಳನ್ನ ಕೇಳೋರೇ ಕಮ್ಮಿ. ಅವರೂ ಕಾಯ್ತಾನೇ ಇದಾರೆ. ಬಲವಂತ ಇಲ್ಲ, ಕೂತು ಯೋಚನೆ ಮಾಡಿ."

ಅವರು ಆ ಬೆಂಚಿನ ಮೇಲೆ ಒಂದು ಗಂಟೆ ಕೂತರು. ಆಮೇಲೆ ಹೆಂಡತಿ "ನಾಲ್ಕರಿಂದ ಎಂಟು ವರ್ಷ" ಎಂದು ಬರೆದಳು.

ಇನ್ನೊಂದು ಸಾಲು ಇತ್ತು. "ಅರ್ಜಿದಾರರಿಗೆ ಆರೋಗ್ಯದ ತೊಂದರೆ ಇದೆಯೇ?" ಮೇಸ್ತ್ರಿ ಪೆನ್ನಿನ ಮೇಲೆ ಕೈ ಇಟ್ಟ. ತನ್ನ ಮಟ್ಟಿಗೆ ಪಿಸುಗುಟ್ಟಿದ. "ಇಲ್ಲ ಅಂತ ಬರಿ. ಕಿವುಡನಿಗೆ ಮಗು ಕೊಡ್ತಾರಾ?" ಬೆಂಚಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹೆಂಡತಿ ಅಳುಕುತ್ತಲೇ "ಇಲ್ಲ" ಎಂದು ಬರೆದಳು.

ದೊಡ್ಡ ಮಗು ಎಂದು ಕೇಳಿ ಅಕ್ಕ ತಲೆ ಚಚ್ಚಿಕೊಂಡಳು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ?"

"ಬಗ್ಗಿಸೋಕೆ ಯಾರು ತರ್ತಿದಾರೆ ಅತ್ತಿಗೆ?" ಎಂದಳು ಹೆಂಡತಿ.

ಆರು ವಾರದ ಮೇಲೆ ಮನೆ ನೋಡಲು ಇಲಾಖೆಯ ಮೇಡಂ ಬರುವವರಿದ್ದರು. ಎರಡು ದಿನ ಮುಂಚೆಯೇ ಹೆಂಡತಿ ಮನೆಯನ್ನು ತಿಕ್ಕಿ ತಿಕ್ಕಿ ಇಟ್ಟಳು, ನೆಲದ ಬಣ್ಣ ಹೋಗುವುದೊಂದು ಬಾಕಿ. ಪಕ್ಕದ ಮನೆಯಿಂದ ಎರಡು ಕುರ್ಚಿ ಎರವಲು ತಂದಳು. ಮೇಡಂ ಬಂದವರು ಕುರ್ಚಿ ಬಿಟ್ಟು, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಮಾತಾಡಿದರು. ಮಗು ಎಲ್ಲಿ ಮಲಗುತ್ತೆ, ನೀವು ಕೆಲಸಕ್ಕೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ, ಶಾಲೆ ಎಷ್ಟು ದೂರ. ಎಲ್ಲದಕ್ಕೂ ಹೆಂಡತಿಯೇ ಉತ್ತರ ಕೊಟ್ಟಳು. ಆಮೇಲೆ ಮೇಡಂ ಮೇಸ್ತ್ರಿಯ ಕಡೆ ತಿರುಗಿದರು.

"ನಿಮಗೆ ಸಿಟ್ಟು ಬರುತ್ತಾ?"

ಮೇಸ್ತ್ರಿಗೆ ಕೇಳಿಸಿದ್ದು 'ಶೀಟು'. ಕೊನೆಗೂ ತನಗೆ ಗೊತ್ತಿರುವ ವಿಷಯ ಕೇಳಿದರಲ್ಲ ಎಂದು ಹಿಗ್ಗಿದ.

"ಬರುತ್ತೆ ಮೇಡಂ! ವಾರಕ್ಕೊಂದ್ಸಲ ತಪ್ಪದೆ ಬರುತ್ತೆ. ಶಾಲೆ ಶುರುವಾಗೋ ಟೈಮಲ್ಲಿ ದಿನಾ ಬರುತ್ತೆ."

ಮೇಡಂ ಪೆನ್ನು ನಿಂತಿತು. "ಬಂದಾಗ ಏನ್ಮಾಡ್ತೀರಿ?"

"ಮೊದಲು ಕತ್ತರೀಲಿ ಕತ್ತರಿಸ್ತೀನಿ. ಆಮೇಲೆ ಸುತ್ತಿಗೆ ತಗೊಂಡು ಬಡೀತೀನಿ. ಒಂದು ಹದಕ್ಕೆ ಬರೋ ತನಕ ಬಿಡಲ್ಲ!"

ಹೆಂಡತಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. "ಅಯ್ಯೋ ಮೇಡಂ, ಅವರು ಹೇಳ್ತಿರೋದು ತಗಡಿನ ಶೀಟು!" ಎಂದವಳಿಗೆ ಅಳುವೇ ಬಂತು. "ಅವರಿಗೆ ಕಿವಿ ಸರಿಯಾಗಿ ಕೇಳಿಸಲ್ಲ. ನಾವು ಅರ್ಜೀಲಿ ಬರೀಲಿಲ್ಲ. ಕೊಡಲ್ಲ ಅಂತೀರೇನೋ ಅಂತ ಹೆದರಿಕೆ ಆಯ್ತು."

ಮೇಡಂ ನಗು ತಡೆಯಲು ಒಂದು ನಿಮಿಷ ಕಿಟಕಿಯ ಕಡೆ ನೋಡಬೇಕಾಯಿತು. ತಿರುಗಿದಾಗ ಅವರ ದನಿ ಮೆತ್ತಗಿತ್ತು, ಮಾತು ಗಟ್ಟಿಯಾಗಿತ್ತು.

"ಕಿವಿ ಮಂದ ಅನ್ನೋದಕ್ಕೇ ಯಾರೂ ಬೇಡ ಅನ್ನಲ್ಲ. ಮುಚ್ಚಿಟ್ಟಿದ್ದು ಮಾತ್ರ ತಪ್ಪು. ನೀವು ಮುಚ್ಚಿಟ್ರೆ ನಿಮಗೆ ಏನು ಸಹಾಯ ಬೇಕು ಅಂತ ನಮಗೆ ಹೇಗೆ ಗೊತ್ತಾಗಬೇಕು? ನಾನು ತಪ್ಪು ಹುಡುಕೋಕೆ ಬಂದಿಲ್ಲ. ಯಾವ ಮಗು ಯಾವ ಮನೇಲಿ ನೆಮ್ಮದಿಯಾಗಿರುತ್ತೆ ಅಂತ ನೋಡೋಕೆ ಬಂದಿದೀನಿ. ಕಿವಿ ಡಾಕ್ಟರ ಹತ್ರ ಹೋಗಿ, ಅವರ ಪತ್ರ ತನ್ನಿ. ಅರ್ಜಿ ತಿದ್ದೋಣ."

ತಿದ್ದಿದರು. ಮೇಸ್ತ್ರಿಗೆ ಕಿವಿಗೆ ಹಾಕಿಕೊಳ್ಳುವ ಸಣ್ಣ ಮಶಿನ್ ಬಂತು. ಅದನ್ನು ಹಾಕಿಕೊಂಡ ಮೊದಲ ದಿನ ತನ್ನದೇ ದನಿ ಕೇಳಿ, "ನಾನು ಇಷ್ಟು ಜೋರಾಗಿ ಮಾತಾಡ್ತೀನಾ? ಇಷ್ಟು ವರ್ಷ ಹೇಗೆ ಸಹಿಸ್ಕೊಂಡೆ?" ಎಂದು ಹೆಂಡತಿಯನ್ನು ಕೇಳಿದ.

ಕಾಯುವುದು ಶುರುವಾಯಿತು. ಒಂದು ತಿಂಗಳು, ನಾಲ್ಕು ತಿಂಗಳು, ಎಂಟು ತಿಂಗಳು. ಅಕ್ಕ ಬಂದಾಗಲೆಲ್ಲ, "ಆ ಹತ್ತು ದಿನದ ಕೂಸು ಇಷ್ಟು ಹೊತ್ತಿಗೆ ಅಂಬೆಗಾಲಿಡ್ತಿತ್ತು," ಎಂದು ಚುಚ್ಚುತ್ತಿದ್ದಳು. ಒಮ್ಮೊಮ್ಮೆ ಹೆಂಡತಿಗೂ ಹಾಗೆ ಅನ್ನಿಸುತ್ತಿತ್ತು. ಅಂಥ ದಿನ ಅವಳು ಪೋಸ್ಟಮ್ಮನ ಮನೆಗೆ ಹೋಗಿ ಸುಮ್ಮನೆ ಕೂತು ಬರುತ್ತಿದ್ದಳು.

ಒಂಬತ್ತನೇ ತಿಂಗಳಲ್ಲಿ ಇಲಾಖೆಯ ಪತ್ರ ಬಂತು. ಪೋಸ್ಟಮ್ಮ ಅದನ್ನು ಬಾಗಿಲ ಸಂದಿಯಲ್ಲಿ ತೂರಿಸದೆ ನೇರ ಲಾಂಡ್ರಿಗೇ ತಂದುಕೊಟ್ಟರು.

ಏಳು ವರ್ಷದ ಹುಡುಗಿ. ಹೆತ್ತವರಿಬ್ಬರೂ ಇಲ್ಲ. ಅವಳಿರುವ ಇಲಾಖೆಯ ಮಕ್ಕಳ ಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಲಾಯರಮ್ಮ ಎಂದು. ಮಲಗು ಎಂದರೆ "ಯಾಕೆ?", ಏಳು ಎಂದರೆ "ಯಾಕೆ ಈಗಲೇ?" ಎನ್ನುವವಳು. ಕಾರಣ ಸರಿಯಿದ್ದರೆ ತಕ್ಷಣ ಒಪ್ಪುವವಳು.

ಮಕ್ಕಳ ಮನೆಯಲ್ಲಿ ಮೊದಲ ಭೇಟಿಯ ದಿನ ಮೇಸ್ತ್ರಿ ಹೊಸ ಅಂಗಿ ತೊಟ್ಟ. ಮಗು ಮೊದಲ ಸಲ ನೋಡುವಾಗ ಕಿವಿಯಲ್ಲಿ ಮಶಿನ್ ಯಾಕೆ ಎಂದು ಅದನ್ನು ತೆಗೆದು ಜೇಬಿಗೆ ಹಾಕಿಕೊಂಡ. ಹುಡುಗಿ ಬಾಗಿಲಲ್ಲಿ ಕಂಡದ್ದೇ ತಡ, ಸಂತೋಷ ತಡೆಯಲಾರದೆ ಎರಡೂ ಕೈ ಚಾಚಿ, "ಬಾ ಪುಟ್ಟಾ! ಬಾ!" ಎಂದು ಕೂಗಿದ.

ಅವಳು ಬೆಚ್ಚಿ ಕರೆತಂದ ಆಯಾಳ ಸೆರಗಿನ ಹಿಂದೆ ಅವಿತಳು. ಎಷ್ಟು ಕರೆದರೂ ಹೊರಗೆ ಬರಲಿಲ್ಲ. ಕೊನೆಗೆ ಸೆರಗಿನ ಹಿಂದಿನಿಂದಲೇ ಹೇಳಿದಳು. "ನಂಗೆ ಇವರು ಬೇಡ. ಬೈತಾರೆ."

ವಾಪಸು ಬರುವ ದಾರಿಯಲ್ಲಿ ಮೇಸ್ತ್ರಿ ಜೇಬಿನಿಂದ ಮಶಿನ್ ತೆಗೆದು ಕಿವಿಗೆ ಹಾಕಿಕೊಂಡ. ಮರುದಿನ ಮೇಡಂ ಫೋನ್ ಮಾಡಿದರು. "ಮಗು ಬೇಡ ಅಂದ್ರೆ ನಾವು ತಳ್ಳಲ್ಲ. ಅವಳ ಮಾತಿಗೂ ಬೆಲೆ ಇದೆ. ಆದ್ರೆ ಅವಳು ಒಂದು ಪ್ರಶ್ನೆ ಕೇಳಿದಾಳೆ. ಆ ಅಂಕಲ್ ಯಾಕೆ ಕಿರುಚ್ತಾರೆ ಅಂತ. ಬಂದು ನೀವೇ ಉತ್ತರ ಹೇಳ್ತೀರಾ?"

ಈ ಸಲ ಮಶಿನ್ ಕಿವಿಯಲ್ಲೇ ಇತ್ತು. ಮೇಸ್ತ್ರಿ ನೆಲದ ಮೇಲೆ ಕೂತ, ಕೈ ತೊಡೆಯ ಮೇಲೆ. ಹುಡುಗಿ ಮೂರು ಮಾರು ದೂರ ನಿಂತಳು.

"ಅವತ್ತು ಯಾಕೆ ಕಿರುಚಿದ್ರಿ?"

"ನಂಗೆ ಕಿವಿ ಸರಿಯಾಗಿ ಕೇಳಿಸಲ್ಲಮ್ಮ. ನನ್ನ ದನಿ ಎಷ್ಟು ಜೋರಿದೆ ಅಂತ ನಂಗೇ ಗೊತ್ತಾಗಲ್ಲ. ಈ ಮಶಿನ್ ಹಾಕ್ಕೊಂಡ್ರೆ ಗೊತ್ತಾಗುತ್ತೆ."

"ಅವತ್ತು ಯಾಕೆ ಹಾಕ್ಕೊಂಡಿರ್ಲಿಲ್ಲ?"

ಮೇಸ್ತ್ರಿ ತಲೆ ಕೆರೆದುಕೊಂಡ. "ನಾಚಿಕೆ ಆಯ್ತು."

ಹುಡುಗಿ ಯೋಚಿಸಿದಳು. ಆಮೇಲೆ ಅವನ ಬೆನ್ನ ಹಿಂದೆ ಹೋಗಿ, ಬಾಗಿಲ ಮರೆಯಲ್ಲಿ ನಿಂತು, ಸೊಳ್ಳೆಯ ದನಿಯಲ್ಲಿ ಕೇಳಿದಳು. "ಈಗ ಕೇಳಿಸ್ತಾ?"

"ಕೇಳಿಸ್ತು."

"ಏನಂದೆ ಹೇಳಿ?"

"ಈಗ ಕೇಳಿಸ್ತಾ ಅಂದೆ."

ಅವಳು ಮರೆಯಿಂದ ಇಣುಕಿದಳು. ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿ, "ನಿಮಗೂ ಮಶಿನ್ ಇದೆಯಾ?" ಎಂದಳು. ಇಲ್ಲ ಎಂದಾಗ, ಅವಳ ಪಕ್ಕ ಒಂದು ಗೇಣು ಜಾಗ ಬಿಟ್ಟು ಕೂತಳು. ಮುಂದಿನ ವಾರ ಆ ಗೇಣೂ ಇರಲಿಲ್ಲ. ಐದನೇ ಭೇಟಿ ಮುಗಿದಾಗ ಅವಳೇ ಮೇಡಂಗೆ ಹೇಳಿದಳು. "ಹೋಗಿ ನೋಡ್ತೀನಿ."

ಮನೆಗೆ ಬಂದ ಮೇಲೆ ಎರಡು ವಾರ ಅವಳು ಗೊಂಬೆಯಂತಿದ್ದಳು. ಹೊದಿಕೆ ತಾನೇ ಮಡಿಚುವಳು. ನೀರು ಕುಡಿಯಲೂ ಕೇಳುವಳು. "ಯಾಕೆ?" ಎಂಬ ಮಾತೇ ಇಲ್ಲ. ಅಕ್ಕ, "ಪರವಾಗಿಲ್ವೇ, ಒಳ್ಳೇ ಹುಡುಗಿ," ಎಂದಳು. ಹೆಂಡತಿಗೆ ಮಾತ್ರ ಆ ಒಳ್ಳೆಯತನ ಸರಿ ಕಾಣಲಿಲ್ಲ. ಲಾಯರಮ್ಮ ಎಲ್ಲಿ ಹೋದಳು?

ಮೂರನೇ ವಾರ ಒಂದು ಬೆಳಿಗ್ಗೆ ಅಕ್ಕ ಬಂದಿದ್ದಳು. ಹಾಸ್ಟೆಲಿನವರಿಗೆ ಅಂದೇ ಕೊಡಬೇಕಾದ ಆರು ಟ್ರಂಕುಗಳು ಅಂಗಡಿಯಲ್ಲಿ ಸಾಲಾಗಿ ನಿಂತಿದ್ದವು. ಒಳಗೆ ಮಾತಾಡುತ್ತಿದ್ದವರಿಗೆ ದಡಾರ್ ಎಂದು ಸದ್ದು ಕೇಳಿಸಿತು. ಓಡಿ ಬಂದು ನೋಡಿದರೆ ಹಸಿರು ಬಣ್ಣದ ಡಬ್ಬಿ ಮಗುಚಿ ಬಿದ್ದಿತ್ತು. ಟ್ರಂಕುಗಳ ಮೇಲೆ, ನೆಲದ ಮೇಲೆ, ಗೋಡೆಯ ಮೇಲೆ ಹಸಿರೋ ಹಸಿರು. ನಡುವೆ ಹುಡುಗಿ.

"ಅಯ್ಯಯ್ಯೋ, ಏನೇ ಇದು!" ಎಂದಳು ಅಕ್ಕ.

ಹುಡುಗಿ ಅಳಲಿಲ್ಲ. ಸದ್ದಿಲ್ಲದೆ ಒಳಗೆ ಹೋದಳು. ಐದು ನಿಮಿಷದಲ್ಲಿ ತಾನು ಬಂದಾಗ ತಂದಿದ್ದ ಚೀಲ ಹಿಡಿದು ಬಂದಳು. ತನ್ನ ಎಲ್ಲ ಬಟ್ಟೆಯನ್ನೂ ಅದಕ್ಕೆ ತುರುಕಿದ್ದಳು. ಹಸಿರು ಹೆಜ್ಜೆಗಳನ್ನು ಮೂಡಿಸುತ್ತಾ ನಡೆದು, ಹೊಸ್ತಿಲ ಮೇಲೆ ಕೂತಳು.

"ಎಲ್ಲಿಗಮ್ಮಾ?" ಎಂದಳು ಹೆಂಡತಿ.

"ಮೇಡಂ ಬರೋ ತನಕ ಇಲ್ಲೇ ಕೂತಿರ್ತೀನಿ."

"ಮೇಡಂ ಯಾಕೆ ಬರ್ತಾರೆ?"

"ಕರ್ಕೊಂಡು ಹೋಗೋಕೆ. ತಪ್ಪು ಮಾಡಿದ್ರೆ ಕಳಿಸ್ತಾರಲ್ಲ." ಅವಳು ಬೀದಿಯನ್ನೇ ನೋಡುತ್ತಿದ್ದಳು. "ಚಿಕ್ಕಮ್ಮನ ಮನೇಲಿ ಗಾಜಿನ ಜಗ್ ಒಡೆದೆ. ಅವತ್ತೇ ಕಳಿಸಿದ್ರು."

ಮೊದಲು ಅಲ್ಲಾಡಿದವನು ಮೇಸ್ತ್ರಿ. ಹೋಗಿ ಹೊಸ್ತಿಲ ಮೇಲೆ ಅವಳ ಪಕ್ಕ ಕೂತ. ಮೆಲ್ಲಗೆ ಹೇಳಿದ.

"ನೋಡು, ಈ ಮನೇಲಿ ತಪ್ಪು ಮಾಡಿದೋರು ಹೊರಡಬೇಕು ಅಂತ ರೂಲ್ ಇದ್ದಿದ್ರೆ, ನಾನು ಹೋಗಿ ಎಷ್ಟೋ ವರ್ಷ ಆಗಿರ್ತಿತ್ತು."

"ನಿಜ," ಎಂದಳು ಹೆಂಡತಿ ಇನ್ನೊಂದು ಪಕ್ಕ ಕೂರುತ್ತಾ. "ಮದುವೆಯಾದ ವಾರದಲ್ಲೇ ನನ್ನ ಒಳ್ಳೇ ಸೀರೇಲಿ ಎಣ್ಣೆ ಕೈ ಒರೆಸಿದ್ರು. ಒಂದಲ್ಲ, ಎರಡು ಸೀರೆ. ಕಳಿಸಿದ್ನಾ?"

ಹುಡುಗಿ ಇಬ್ಬರನ್ನೂ ನೋಡಿದಳು. ಆಮೇಲೆ ಅವಳ ಬಾಯಿಂದ ಮೂರು ವಾರದಲ್ಲಿ ಮೊದಲ ಸಲ ಆ ಮಾತು ಬಂತು. "ಯಾಕೆ? ಯಾಕೆ ಕಳಿಸ್ಲಿಲ್ಲ?"

"ನಮ್ಮೋರು ಅಂತ."

"ನಾನು ಬೇಕಂತ ಬೀಳಿಸಿದ್ರೆ?"

"ಆಗ ಬೈತೀನಿ. ಒರೆಸೋಕೆ ಬಟ್ಟೆ ಕೊಡ್ತೀನಿ. ಆಮೇಲೆ ಊಟಕ್ಕೆ ಕರೀತೀನಿ. ಕಳಿಸೋದು ಮಾತ್ರ ಇಲ್ಲ."

ಆಗ ಹುಡುಗಿ ಅತ್ತಳು, ಬಿಕ್ಕಿ ಬಿಕ್ಕಿ, ಹೆಂಡತಿಯ ಕುತ್ತಿಗೆಗೆ ಹಸಿರು ಕೈಗಳನ್ನು ಸುತ್ತಿ.

ಅಕ್ಕ ಸುಮ್ಮನೆ ಬಂದು ಆ ಚೀಲ ಎತ್ತಿಕೊಂಡಳು. ಕಣ್ಣೊರೆಸಿಕೊಳ್ಳಲು ಕೈ ಬಿಡುವಿರಲಿಲ್ಲ, ಭುಜಕ್ಕೇ ಒರೆಸಿಕೊಂಡಳು. "ಬಟ್ಟೇನ ಹೀಗಾ ತುರುಕೋದು? ಎಲ್ಲಾ ಮುದ್ದೆ," ಎಂದು ಗೊಣಗುತ್ತಾ ಒಳಗೆ ಹೋಗಿ, ಒಂದೊಂದನ್ನೇ ಕೊಡವಿ, ಕಪಾಟಿನಲ್ಲಿ ಜೋಡಿಸಿದಳು. ಚೀಲ ಖಾಲಿಯಾದ ಮೇಲೆ ಅದನ್ನು ನಾಲ್ಕು ಮಡಿಕೆ ಮಾಡಿ ತನ್ನ ಕಂಕುಳಲ್ಲಿ ಇಟ್ಟುಕೊಂಡಳು.

"ಅತ್ತೆ, ಅದು ನನ್ನ ಚೀಲ," ಎಂದಳು ಬಾಗಿಲಲ್ಲಿ ನಿಂತ ಹುಡುಗಿ.

"ಗೊತ್ತು. ನಂಗೆ ತರಕಾರಿ ತರೋಕೆ ಬೇಕು. ನಿಂಗೆ ಇನ್ನು ಇದರ ಕೆಲಸ ಏನಿದೆ?"

ತಿಂಗಳುಗಳು ಕಳೆದವು. ಮೇಡಂ ಆಗಾಗ ಬಂದು ಹೋದರು. ಹುಡುಗಿ ಶಾಲೆಗೆ ಸೇರಿದಳು, ಹಲ್ಲು ಕಳೆದುಕೊಂಡಳು, ಎರಡು ಸಲ ಟೀಚರ ಜೊತೆ ವಾದ ಮಾಡಿದಳು. ಕೊನೆಗೊಂದು ದಿನ ದತ್ತು ಆದೇಶಕ್ಕಾಗಿ ಮೂವರೂ ನ್ಯಾಯಾಧೀಶರ ಮುಂದೆ ನಿಂತರು. ಅವರು ಕನ್ನಡಕ ಸರಿಸಿ, "ನಿನಗೆ ಒಪ್ಪಿಗೆನಾ ಪುಟ್ಟಿ?" ಎಂದು ಕೇಳಿದರು.

"ಯೋಚನೆ ಮಾಡಿದೀನಿ. ಒಪ್ಪಿಗೆ," ಎಂದಳು ಲಾಯರಮ್ಮ. "ಇವರಿಗೂ ಒಪ್ಪಿಗೆನಾ ಅಂತ ಕೇಳಿ. ಬರೆದೂ ಇಟ್ಕೊಳ್ಳಿ."

ಕೇಳಿದರು. ಬರೆದೂ ಇಟ್ಟುಕೊಂಡರು.

ಈಗ ಅಕ್ಕ ಸುಮ್ಮನೆ ಕೂರುವವಳಲ್ಲ. ಅವಳ ಪಕ್ಕದ ಮನೆಯ ಹೊಲಿಗೆಯವಳು ಮಕ್ಕಳಿಲ್ಲವೆಂದು ಕೊರಗಿ, ಅದೇ ಕೂಸು ತಂದುಕೊಡುವವನ ಮಾತು ಎತ್ತಿದಳಂತೆ. "ಅವನ ಸುದ್ದಿ ಎತ್ತಬೇಡ. ಅವನ ಹೆಸರು ಪೊಲೀಸರಿಗೆ ಹೇಳಿ ಆಗಿದೆ. ಎದ್ದೇಳು, ಕಚೇರಿ ನಾನು ತೋರಿಸ್ತೀನಿ," ಎಂದು ಅವಳನ್ನು ಕೈ ಹಿಡಿದು ಎರಡನೇ ಮಹಡಿ ಹತ್ತಿಸಿದಳು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಒಂದು ಮಗು ಓಡಾಡಲಿ ಎಂಬ ಆಸೆ ಇದ್ದರೆ, ಯಾರೋ ಗುಟ್ಟಾಗಿ ತಂದುಕೊಡುವ ಮಗುವಿಗೆ ಕೈ ಚಾಚಬೇಡಿ. ಮಕ್ಕಳ ಕಲ್ಯಾಣ ಕಚೇರಿಗೆ ಹೋಗಿ. ನಿಯಮ ಏನು, ದಾಖಲೆ ಯಾವುದು ಎಂದು ಅಲ್ಲಿಯೇ ಕೇಳಿ. ಅರ್ಜಿಯಲ್ಲಿ ಇದ್ದದ್ದು ಇದ್ದ ಹಾಗೆ ಬರೆಯಿರಿ. ಮನೆ ನೋಡಲು ಬಂದವರಿಗೆ ಹೆದರಬೇಡಿ, ಎರವಲು ಕುರ್ಚಿಯೂ ಬೇಡ. ಮಗು ಸ್ವಲ್ಪ ದೊಡ್ಡದಾದರೆ ಏನಾಯಿತು, ಅದಕ್ಕೂ ರಾತ್ರಿ ಹೊದಿಕೆ ಹೊದಿಸುವವರು ಬೇಕು. ತಡವಾಗಬಹುದು, ಬೇಸರವೂ ಆಗಬಹುದು. ಅಂಥ ಹೊತ್ತಿನಲ್ಲಿ ನೆನಪಿರಲಿ, ಆ ಕಡೆಯೂ ಒಬ್ಬರು ದಿನ ಎಣಿಸುತ್ತಿದ್ದಾರೆ, ನಿಮಗಿಂತ ಬಹಳ ಚಿಕ್ಕವರು.

ನಾಳೆ ಕಚೇರಿ ತೆರೆಯುವ ಹೊತ್ತಿಗೆ ಹೊರಡಿ. ಇಬ್ಬರೂ ಹೋಗಿ.